ಎಂಜಿನ್‌ನ ಎಣ್ಣೆಹಬೆ ಮತ್ತು ಅದನ್ನು ಹಿಡಿಯುವ ಡಬ್ಬಿ

ಏರ್ ಫಿಲ್ಟರ್ ಬದಲಿಸಲೆಂದು ಬಾನೆಟ್ ಎತ್ತಿ, ಎಂಜಿನ್‌ಗೆ ಗಾಳಿ ಒಯ್ಯುವ ದಪ್ಪ ಪೈಪನ್ನು ಬಿಚ್ಚಿ ನೋಡಿದವರಿಗೆ ಅದರ ಒಳಮೈಯಲ್ಲಿ ಕಪ್ಪು ಜಿಡ್ಡು ಕಂಡಿರುತ್ತದೆ. ಬರೀ ಗಾಳಿ ಓಡಾಡಬೇಕಾದ ಜಾಗಕ್ಕೆ ಎಣ್ಣೆ ಬಂದದ್ದು ಎಲ್ಲಿಂದ? ಎಂಜಿನ್ ಕೆಟ್ಟಿತೇ ಎಂದು ಹಲವರು ಗಾಬರಿಯಾಗುತ್ತಾರೆ. ಮೈಸೂರು, ಮಂಡ್ಯದ ಗ್ಯಾರೇಜ್‌ಗಳಲ್ಲಿ ಈ ಪ್ರಶ್ನೆಯ ಬೆನ್ನಿಗೇ ಈಗ ‘ಆಯಿಲ್ ಕ್ಯಾಚ್ ಕ್ಯಾನ್’ ಎಂಬ ಡಬ್ಬಿಯ ಹೆಸರೂ ಕೇಳಿಬರುತ್ತದೆ.

ಇದು ಈಗ ಮುನ್ನೆಲೆಗೆ ಬರಲು ಕಾರಣಗಳಿವೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ ನಮ್ಮ ಭಾಗದ ಕಾರುಗಳ ಓಟದ ರೀತಿಯೇ ಬದಲಾಗಿದೆ. ಮೊದಲು ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳ ಪೇಟೆಬೀದಿಯಲ್ಲಿ ನಿಂತು ಹೊರಡುತ್ತಿದ್ದ ಎಂಜಿನ್ ಈಗ ಎಡೆಬಿಡದೆ ಹೆಚ್ಚಿನ ವೇಗದಲ್ಲಿ ತಿರುಗುತ್ತದೆ. ಅದೇ ಹೊತ್ತಿಗೆ ಟರ್ಬೊ (ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುವ ಸಾಧನ) ಇರುವ ಸಣ್ಣ ಪೆಟ್ರೋಲ್ ಎಂಜಿನ್‌ಗಳು ಸಾಮಾನ್ಯ ಕುಟುಂಬಗಳ ಕಾರಿಗೂ ಬಂದಿವೆ. ಈ ಎರಡೂ ಸಂಗತಿಗಳು ಎಣ್ಣೆಹಬೆಯ ಪ್ರಶ್ನೆಯನ್ನು ಮುಖ್ಯವಾಗಿಸಿವೆ. ಕ್ಯಾಚ್ ಕ್ಯಾನ್ ನೋಡಲು ಎರಡು ಮೂತಿಯ ಡಬ್ಬಿ, ಅಷ್ಟೇ. ಲೇತ್ ಅಂಗಡಿಯ ಸಹಾಯವಿದ್ದರೆ ಮನೆಯಲ್ಲೇ ತಯಾರಿಸಬಹುದು. ಆದರೆ ಅದು ಕೂರುವ ಜಾಗ ಸೂಕ್ಷ್ಮವಾದದ್ದು. ಆ ದಾರಿ ಕಟ್ಟಿದರೂ ಕಷ್ಟ, ಸೋರಿದರೂ ಕಷ್ಟ. ಆದ್ದರಿಂದ ಡಬ್ಬಿಗಿಂತ ಮೊದಲು ಆ ದಾರಿಯನ್ನು ತಿಳಿದುಕೊಳ್ಳಬೇಕು.

ಪಿಸ್ಟನ್ ಪಕ್ಕದಿಂದ ನುಸುಳುವ ಅನಿಲ

ಎಂಜಿನ್‌ನ ಸಿಲಿಂಡರ್‌ನೊಳಗೆ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಉರಿದಾಗ ಹುಟ್ಟುವ ಒತ್ತಡ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಪಿಸ್ಟನ್ ಮತ್ತು ಸಿಲಿಂಡರ್ ಗೋಡೆಯ ನಡುವಿನ ಸಂದನ್ನು ಮುಚ್ಚಲು ಪಿಸ್ಟನ್ ರಿಂಗ್‌ಗಳಿವೆ. ರಿಂಗ್ ಸ್ಪ್ರಿಂಗಿನಂತೆ ಹಿಗ್ಗಿ ಕುಗ್ಗಬೇಕಾದ್ದರಿಂದ ಅದರ ಎರಡು ತುದಿಗಳ ನಡುವೆ ಕೂದಲೆಳೆಯಷ್ಟು ಬಿರುಕು ಇದ್ದೇ ಇರುತ್ತದೆ. ಎಷ್ಟೇ ಹೊಸ ಎಂಜಿನ್ ಆದರೂ ಉರಿದ ಅನಿಲದ ಒಂದು ಚಿಕ್ಕ ಪಾಲು ಈ ದಾರಿಯಲ್ಲಿ ನುಸುಳಿ ಪಿಸ್ಟನ್ ಕೆಳಗಿನ ಕೋಣೆಗೆ ಇಳಿಯುತ್ತದೆ. ಇದಕ್ಕೆ ಬ್ಲೋ-ಬೈ ಎಂದು ಹೆಸರು. ಎಂಜಿನ್ ಮೇಲೆ ಹೊರೆ ಹೆಚ್ಚಿದಷ್ಟೂ, ರಿಂಗ್ ಸವೆದಷ್ಟೂ ಅದರ ಪ್ರಮಾಣ ಹೆಚ್ಚು.

ಅನಿಲ ಇಳಿಯುವ ಆ ಕೋಣೆಯೇ ಕ್ರ್ಯಾಂಕ್‌ಕೇಸ್. ಅಲ್ಲಿ ಕ್ರ್ಯಾಂಕ್ ಶಾಫ್ಟ್ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತಾ ಎಣ್ಣೆಯನ್ನು ಸಿಡಿಸುತ್ತದೆ. ಓಡುತ್ತಿರುವ ಎಂಜಿನ್‌ನಲ್ಲಿ ಎಣ್ಣೆಯ ಬಿಸಿ ಸಾಮಾನ್ಯವಾಗಿ 90ರಿಂದ 110 ಡಿಗ್ರಿ ಸೆಲ್ಸಿಯಸ್. ಹೀಗಾಗಿ ಕೋಣೆಯ ತುಂಬ ಎಣ್ಣೆಯ ಮಂಜು ತುಂಬಿರುತ್ತದೆ. ನುಸುಳಿದ ಅನಿಲ ಈ ಮಂಜನ್ನು ಹೊತ್ತುಕೊಳ್ಳುತ್ತದೆ. ಅದರ ಜೊತೆಗೆ ಪೂರ್ತಿ ಉರಿಯದ ಪೆಟ್ರೋಲ್, ಮಸಿ ಮತ್ತು ನೀರಾವಿಯೂ ಇರುತ್ತವೆ. ನೀರು ಎಲ್ಲಿಂದ ಬಂತು ಎಂದು ಆಶ್ಚರ್ಯವಾಗಬಹುದು. ಪೆಟ್ರೋಲ್‌ನಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದೊಂದಿಗೆ ಸೇರಿದಾಗ ಹುಟ್ಟುವುದು ನೀರೇ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್‌ನಷ್ಟೇ ನೀರು ಆವಿಯಾಗಿ ಹುಟ್ಟುತ್ತದೆ. ಬಹುಪಾಲು ಸೈಲೆನ್ಸರ್‌ನಿಂದ ಹೊರಹೋಗುತ್ತದೆ, ಅಲ್ಪ ಭಾಗ ಕೆಳಗಿಳಿಯುತ್ತದೆ.

ಈ ಅನಿಲಕ್ಕೆ ಹೊರಹೋಗಲು ದಾರಿ ಬೇಕೇ ಬೇಕು. ಇಲ್ಲದಿದ್ದರೆ ಕ್ರ್ಯಾಂಕ್‌ಕೇಸ್‌ನೊಳಗೆ ಒತ್ತಡ ಏರಿ ಆಯಿಲ್ ಸೀಲ್‌ಗಳು ಸೋರುತ್ತವೆ, ಎಣ್ಣೆಯ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್, ಮೇಲಕ್ಕೆ ಚಿಮ್ಮುತ್ತದೆ. ಮಂಡ್ಯದ ಕಡೆ ಗದ್ದೆಗೆ ನೀರೆತ್ತುತ್ತಿದ್ದ ಹಳೆಯ ಡೀಸೆಲ್ ಪಂಪ್‌ಸೆಟ್‌ಗಳ ಪಕ್ಕದಲ್ಲಿ ನಿಂತವರು ಅದರ ಬ್ರೀದರ್, ಅಂದರೆ ಉಸಿರುಬಿಡುವ ಕೊಳವೆ, ಹಬೆ ಉಗುಳುವುದನ್ನು ನೋಡಿರುತ್ತಾರೆ. ಅದು ಇದೇ ಅನಿಲ.

ಮೈಸೂರಿನಲ್ಲಿ ಈ ವಿಷಯಕ್ಕೆ ಒಂದು ಸ್ವಾರಸ್ಯದ ಅಪವಾದವೂ ಇದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ಡಿ ಬೈಕ್‌ಗಳು ಟೂ-ಸ್ಟ್ರೋಕ್ ಎಂಜಿನ್‌ನವು. ಅವುಗಳಲ್ಲಿ ಪೆಟ್ರೋಲ್, ಗಾಳಿ ಮತ್ತು ಎಣ್ಣೆಯ ಮಿಶ್ರಣ ಮೊದಲು ಕ್ರ್ಯಾಂಕ್‌ಕೇಸ್‌ಗೇ ಬಂದು, ಅಲ್ಲಿಂದ ಸಿಲಿಂಡರ್‌ಗೆ ಏರುತ್ತದೆ. ಕೆಳಗಿಳಿದ ಅನಿಲ ಮುಂದಿನ ಮಿಶ್ರಣದೊಂದಿಗೆ ತಾನಾಗಿಯೇ ಮೇಲೆ ಹೋಗಿಬಿಡುತ್ತದೆ. ಬ್ರೀದರ್ ಪೈಪ್‌ನ ಗೊಡವೆಯೇ ಇಲ್ಲ. ಇಂದಿನ ಕಾರುಗಳೆಲ್ಲ ಫೋರ್-ಸ್ಟ್ರೋಕ್ ಆದ್ದರಿಂದ ಅವಕ್ಕೆ ಈ ಸೌಲಭ್ಯವಿಲ್ಲ.

ಹೊರಗೆ ಬಿಡುತ್ತಿದ್ದದ್ದನ್ನು ಒಳಗೆ ತಿರುಗಿಸಿದ್ದು

1960ರ ದಶಕಕ್ಕೆ ಮುಂಚಿನ ಕಾರುಗಳಲ್ಲಿ ಕ್ರ್ಯಾಂಕ್‌ಕೇಸ್‌ನಿಂದ ಒಂದು ಪೈಪ್ ಕಾರಿನ ಅಡಿಗೆ ಇಳಿಯುತ್ತಿತ್ತು. ಅನಿಲ, ಎಣ್ಣೆ ಎಲ್ಲವೂ ರಸ್ತೆಗೆ ಬೀಳುತ್ತಿದ್ದವು. ಹೊಂಜಿನಿಂದ (ಹೊಗೆ ಬೆರೆತ ಮಂಜಿನಿಂದ) ತತ್ತರಿಸಿದ್ದ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 1960ರ ದಶಕದ ಆರಂಭದಲ್ಲಿ ಇದನ್ನು ತಡೆಯುವ ವ್ಯವಸ್ಥೆ ಹೊಸ ಕಾರುಗಳಿಗೆ ಬಂತು. ಅನಿಲವನ್ನು ಹೊರಗೆ ಬಿಡುವ ಬದಲು ಎಂಜಿನ್ ಉಸಿರೆಳೆಯುವ ಕೊಳವೆಗೇ ಜೋಡಿಸಿ, ಮತ್ತೆ ಸಿಲಿಂಡರ್‌ನಲ್ಲಿ ಸುಡುವುದು ಆ ವ್ಯವಸ್ಥೆಯ ತಿರುಳು. ಅದನ್ನು ನಿಯಂತ್ರಿಸುವ ಪುಟ್ಟ ಕವಾಟವೇ ಪಿಸಿವಿ (ಪಾಸಿಟಿವ್ ಕ್ರ್ಯಾಂಕ್‌ಕೇಸ್ ವೆಂಟಿಲೇಷನ್) ವಾಲ್ವ್. ಸಾಮಾನ್ಯವಾಗಿ ಎಂಜಿನ್ ನೆತ್ತಿಯ ಟ್ಯಾಪೆಟ್ ಕವರ್ ಮೇಲೆ ಕೂತಿರುತ್ತದೆ.

ಪಿಸಿವಿ ವಾಲ್ವ್‌ನ ಜಾಣ್ಮೆ ಅದರ ಸ್ಪ್ರಿಂಗ್‌ನಲ್ಲಿದೆ. ಕಾರು ನಿಂತಲ್ಲೇ ಎಂಜಿನ್ ತಿರುಗುತ್ತಿರುವಾಗ, ಅಂದರೆ ಐಡ್ಲಿಂಗ್‌ನಲ್ಲಿ, ಒಳಬರುವ ಗಾಳಿಯನ್ನು ನಿಯಂತ್ರಿಸುವ ಥ್ರಾಟಲ್ ಮುಚ್ಚಿರುವುದರಿಂದ, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡ್‌ನಲ್ಲಿ ಎಳೆತ ಬಲವಾಗಿರುತ್ತದೆ, ಬ್ಲೋ-ಬೈ ಮಾತ್ರ ಕಡಿಮೆ ಇರುತ್ತದೆ. ಆಗ ವಾಲ್ವ್ ತನ್ನ ದಾರಿಯನ್ನು ಕಿರಿದು ಮಾಡಿಕೊಳ್ಳುತ್ತದೆ. ರಸ್ತೆಗಿಳಿದು ಆಕ್ಸಿಲರೇಟರ್ ಒತ್ತಿದಾಗ ಎಳೆತ ತಗ್ಗಿ ವಾಲ್ವ್ ಹೆಚ್ಚು ತೆರೆಯುತ್ತದೆ. ಸಿಲಿಂಡರ್‌ನ ಬೆಂಕಿ ಮ್ಯಾನಿಫೋಲ್ಡ್‌ಗೆ ಹಿಂದಕ್ಕೆ ನುಗ್ಗಿದರೆ ಅಥವಾ ಟರ್ಬೊ ಒತ್ತಡ ಬಂದರೆ ಪೂರ್ತಿ ಮುಚ್ಚುತ್ತದೆ. ಇನ್ನೊಂದು ಪೈಪ್ ಏರ್ ಫಿಲ್ಟರ್ ಕಡೆಯಿಂದ ಶುದ್ಧ ಗಾಳಿಯನ್ನು ಕ್ರ್ಯಾಂಕ್‌ಕೇಸ್‌ಗೆ ತರುತ್ತದೆ. ಇದನ್ನು ಬ್ರೀದರ್ ಪೈಪ್ ಎನ್ನುತ್ತಾರೆ. ಎಂಜಿನ್ ಪೂರ್ಣ ಹೊರೆಯಲ್ಲಿದ್ದು ಬ್ಲೋ-ಬೈ ಹೆಚ್ಚಾದಾಗ ಈ ಪೈಪ್‌ನಲ್ಲೂ ಅನಿಲ ಹಿಂದಕ್ಕೆ ಹರಿಯುತ್ತದೆ. ಏರ್ ಫಿಲ್ಟರ್ ಪೈಪ್‌ನಲ್ಲಿ ಕಂಡ ಜಿಡ್ಡಿನ ಗುಟ್ಟು ಇದೇ. ತೆಳ್ಳಗೆ ಜಿಡ್ಡು ಹತ್ತಿದ್ದರೆ ಎಂಜಿನ್ ಕೆಟ್ಟಿದೆ ಎಂದು ಅರ್ಥವಲ್ಲ.

ಎಣ್ಣೆ ಒಳಗೆ ಹೋದರೆ ಏನು ನಷ್ಟ?

ಇದಕ್ಕೆ ಎಲ್ಲ ಎಂಜಿನ್‌ಗೂ ಒಂದೇ ಉತ್ತರವಿಲ್ಲ. ಗ್ಯಾರೇಜ್‌ನ ಮಾತು, ಜಾಹೀರಾತಿನ ಮಾತು ಗೊಂದಲವಾಗುವುದು ಇಲ್ಲಿಯೇ, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಹೆಚ್ಚಿನ ಸಾಧಾರಣ ಪೆಟ್ರೋಲ್ ಕಾರುಗಳಲ್ಲಿ ಇಂಜೆಕ್ಟರ್ ಪೆಟ್ರೋಲನ್ನು ಇಂಟೇಕ್ ವಾಲ್ವ್‌ನ (ಸಿಲಿಂಡರ್‌ಗೆ ಗಾಳಿ ಬಿಡುವ ಕವಾಟದ) ಹಿಂಭಾಗಕ್ಕೆ ಸಿಂಪಡಿಸುತ್ತದೆ. ಪೆಟ್ರೋಲ್ ಒಳ್ಳೆಯ ದ್ರಾವಕ. ವಾಲ್ವ್ ಮೇಲೆ ಕೂತ ಎಣ್ಣೆಯನ್ನು ಅದೇ ತೊಳೆದುಕೊಂಡು ಹೋಗುತ್ತದೆ. ಇಂಥ ಎಂಜಿನ್ ಆರೋಗ್ಯವಾಗಿದ್ದರೆ ಕ್ಯಾಚ್ ಕ್ಯಾನ್‌ನಿಂದ ಸಿಗುವ ಲಾಭ ಅಲ್ಪ. ಥ್ರಾಟಲ್ ಬಾಡಿ ಮತ್ತು ಮ್ಯಾನಿಫೋಲ್ಡ್ ಸ್ವಲ್ಪ ಚೊಕ್ಕಟವಾಗಿರುತ್ತವೆ, ಅಷ್ಟೇ.

ಡೈರೆಕ್ಟ್ ಇಂಜೆಕ್ಷನ್ ಪೆಟ್ರೋಲ್ ಎಂಜಿನ್‌ಗಳ ಮಾತು ಬೇರೆ. ಕಾರಿನ ಹೆಸರಿನ ಪಕ್ಕ ಜಿಡಿಐ, ಟಿಎಸ್‌ಐ ಎಂಬ ಅಕ್ಷರಗಳಿದ್ದರೆ ಅವು ಹೆಚ್ಚಾಗಿ ಈ ಗುಂಪಿಗೆ ಸೇರಿದವು. ಅವುಗಳಲ್ಲಿ ಪೆಟ್ರೋಲ್ ನೇರವಾಗಿ ಸಿಲಿಂಡರ್‌ನೊಳಗೆ ಹೋಗುವುದರಿಂದ ಇಂಟೇಕ್ ವಾಲ್ವ್‌ಗೆ ಸ್ನಾನವೇ ಇಲ್ಲ. ಎಣ್ಣೆಹಬೆ ಬಿಸಿ ವಾಲ್ವ್ ಮೇಲೆ ಬಿದ್ದು, ಸುಟ್ಟು, ವರ್ಷಗಳಲ್ಲಿ ಗಟ್ಟಿ ಇಂಗಾಲದ ಪದರವಾಗುತ್ತದೆ. ಗಾಳಿಯ ದಾರಿ ಕಿರಿದಾಗುತ್ತದೆ, ಐಡ್ಲಿಂಗ್ ನಡುಗುತ್ತದೆ, ಎಳೆಯುವ ಶಕ್ತಿ ತಗ್ಗುತ್ತದೆ. ಕ್ಯಾಚ್ ಕ್ಯಾನ್ ಹೆಚ್ಚು ಅರ್ಥಪೂರ್ಣವಾಗುವುದು ಇಲ್ಲಿ. ಎಣ್ಣೆಹಬೆ ಪೆಟ್ರೋಲ್‌ನೊಂದಿಗೆ ಉರಿಯುವಾಗ ಇನ್ನೊಂದು ತೊಂದರೆಯೂ ಇದೆ. ಅದು ಮಿಶ್ರಣದ ಆಕ್ಟೇನ್ ಗುಣವನ್ನು ಇಳಿಸುತ್ತದೆ. ಅಂದರೆ ಮಿಶ್ರಣ ಕಿಡಿ ಬೀಳುವ ಮೊದಲೇ ಅಥವಾ ತಪ್ಪು ಜಾಗದಲ್ಲಿ ಹೊತ್ತಿಕೊಳ್ಳುವ ಸಾಧ್ಯತೆ ಹೆಚ್ಚುತ್ತದೆ. ಚಾಮುಂಡಿ ಬೆಟ್ಟದ ಏರಿನಲ್ಲಿ ಟರ್ಬೊ ಕಾರನ್ನು ಒತ್ತಿ ಹತ್ತಿಸುವಂಥ ಹೊರೆಯಲ್ಲಿ ಇದು ಲೆಕ್ಕಕ್ಕೆ ಬರುತ್ತದೆ.

ಡೀಸೆಲ್ ಎಂಜಿನ್‌ನಲ್ಲಿ ಇಜಿಆರ್ ಎಂಬ ವ್ಯವಸ್ಥೆ ಸೈಲೆನ್ಸರ್ ಕಡೆಯ ಹೊಗೆಯ ಒಂದು ಪಾಲನ್ನು ಮತ್ತೆ ಒಳಗೆ ತರುತ್ತದೆ. ಆ ಮಸಿ ಮತ್ತು ಎಣ್ಣೆಹಬೆ ಮ್ಯಾನಿಫೋಲ್ಡ್‌ನಲ್ಲಿ ಕಲೆತರೆ ಟಾರಿನಂಥ ಕೆಸರು ಕಟ್ಟುತ್ತದೆ. ಟರ್ಬೊ ಡೀಸೆಲ್‌ನಲ್ಲಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನಲ್ಲಿ ನಿಲ್ಲುವ ಎಣ್ಣೆಯಲ್ಲಿ ಒಂದು ಭಾಗ ಇದೇ ದಾರಿಯದು.

ಡಬ್ಬಿ ಎಣ್ಣೆಯನ್ನು ಬೇರ್ಪಡಿಸುವ ಬಗೆ

ಕ್ರ್ಯಾಂಕ್‌ಕೇಸ್‌ನಿಂದ ಮ್ಯಾನಿಫೋಲ್ಡ್‌ಗೆ ಹೋಗುವ ಪೈಪ್‌ನ ನಡುವೆ ಕ್ಯಾಚ್ ಕ್ಯಾನ್ ಕೂರುತ್ತದೆ. ಒಂದು ಮೂತಿಯಿಂದ ಅನಿಲ ಒಳಬರುತ್ತದೆ, ಇನ್ನೊಂದರಿಂದ ಹೊರಹೋಗುತ್ತದೆ, ಎಣ್ಣೆ ಮತ್ತು ನೀರು ತಳದಲ್ಲಿ ಉಳಿಯುತ್ತವೆ. ಕಣದಲ್ಲಿ ಭತ್ತ ತೂರುವಾಗ ಹಗುರವಾದ ಜೊಳ್ಳು ಗಾಳಿಯೊಂದಿಗೆ ದೂರ ಸರಿದು, ಗಟ್ಟಿ ಕಾಳು ಅಲ್ಲೇ ರಾಶಿಗೆ ಬೀಳುತ್ತದಲ್ಲ, ಇಲ್ಲಿಯೂ ನಡೆಯುವುದು ಅದೇ. ಕಿರಿದಾದ ಪೈಪ್‌ನಿಂದ ಅಗಲವಾದ ಡಬ್ಬಿಗೆ ಬಂದ ಅನಿಲದ ವೇಗ ಥಟ್ಟನೆ ತಗ್ಗುತ್ತದೆ. ಡಬ್ಬಿಯೊಳಗೆ ಅದು ಕೆಳಮುಖವಾಗಿ ಬಂದು ಮೇಲ್ಮುಖವಾಗಿ ತಿರುಗಬೇಕು. ಅನಿಲ ಸುಲಭವಾಗಿ ತಿರುಗುತ್ತದೆ. ಭಾರದ ಎಣ್ಣೆಹನಿ ತಿರುಗಲಾರದೆ ಎದುರಿನ ಗೋಡೆಗೋ ತಟ್ಟೆಗೋ ಬಡಿದು ಅಂಟಿಕೊಳ್ಳುತ್ತದೆ.

ಇದರ ಜೊತೆಗೆ ಇನ್ನೆರಡು ಕ್ರಿಯೆಗಳು ಕೆಲಸ ಮಾಡುತ್ತವೆ. ಲೋಹದ ಡಬ್ಬಿ ಎಂಜಿನ್‌ಗಿಂತ ತಂಪಾಗಿರುವುದರಿಂದ ಆವಿ ತಣಿದು ಹನಿಗಟ್ಟುತ್ತದೆ. ಒಳಗೆ ತುಂಬಿರುವ ಲೋಹದ ನಾರಿನ ಎಳೆಗಳಿಗೆ ಅತಿಸಣ್ಣ ಹನಿಗಳು ತಾಗಿ, ಒಂದಕ್ಕೊಂದು ಕೂಡಿ ದೊಡ್ಡದಾಗಿ ಕೆಳಗೆ ತೊಟ್ಟಿಕ್ಕುತ್ತವೆ. ಒಳಗೆ ಏನೂ ಇಲ್ಲದ ಬರೀ ಡಬ್ಬಿ ದಪ್ಪ ಹನಿಗಳನ್ನಷ್ಟೇ ಹಿಡಿಯುತ್ತದೆ. ಬ್ಲೋ-ಬೈ ಹೊತ್ತು ತರುವ ಎಣ್ಣೆಯಲ್ಲಿ ಮೈಕ್ರಾನ್‌ಗಿಂತಲೂ ಚಿಕ್ಕ ಹನಿಗಳ ಪಾಲು ದೊಡ್ಡದು. ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗವೇ ಮೈಕ್ರಾನ್. ಅಷ್ಟು ಚಿಕ್ಕ ಹನಿಗಳಲ್ಲಿ ಹಲವು ಎಂಥ ಕ್ಯಾನ್‌ನಿಂದಲೂ ತಪ್ಪಿಸಿಕೊಳ್ಳುತ್ತವೆ. ಎಣ್ಣೆಯನ್ನು ಪೂರ್ತಿ ಹಿಡಿಯುತ್ತೇವೆ ಎಂಬ ಮಾತನ್ನು ನಂಬಬೇಕಾಗಿಲ್ಲ.

ಮೊದಲು ಎಂಜಿನ್‌ನ ಸ್ಥಿತಿ ನೋಡಿ

ರಿಂಗ್ ಸವೆದ ಎಂಜಿನ್‌ಗೆ ಕ್ಯಾಚ್ ಕ್ಯಾನ್ ಮದ್ದಲ್ಲ. ಡಬ್ಬಿ ಬೇಗ ತುಂಬುತ್ತದೆ, ರೋಗ ಹಾಗೆಯೇ ಇರುತ್ತದೆ. ಆದ್ದರಿಂದ ಒಂದು ಸರಳ ಪರೀಕ್ಷೆ ಮಾಡಬಹುದು. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಎಣ್ಣೆ ತುಂಬುವ ಮುಚ್ಚಳವನ್ನು ಜೋಪಾನವಾಗಿ ತೆಗೆದು ಆ ಬಾಯಿಯ ಮೇಲೆ ಒಂದು ಗಟ್ಟಿ ಕಾಗದವನ್ನು ಹಿಡಿಯಿರಿ. ಎಣ್ಣೆ ಬಿಸಿಯಾಗಿ ಸಿಡಿಯಬಹುದು, ಬೆಲ್ಟ್ ಮತ್ತು ಫ್ಯಾನ್ ಹತ್ತಿರವಿರುತ್ತವೆ, ಹಾಗಾಗಿ ಸಡಿಲ ತೋಳಿನ ಬಟ್ಟೆ ಬೇಡ. ಪಿಸಿವಿ ಸರಿಯಾಗಿರುವ ಪೆಟ್ರೋಲ್ ಎಂಜಿನ್ ಕಾಗದವನ್ನು ಮೆಲ್ಲಗೆ ಒಳಗೆ ಎಳೆದುಕೊಳ್ಳುತ್ತದೆ. ಕಾಗದ ಹಾರಿಹೋಗುವಂತೆ ಅನಿಲ ನುಗ್ಗಿ ಬಂದರೆ ಪಿಸಿವಿ ವಾಲ್ವ್ ಕಟ್ಟಿರಬೇಕು ಇಲ್ಲವೇ ರಿಂಗ್ ಸವೆದಿರಬೇಕು. ವಾಲ್ವ್ ಬದಲಿಸುವುದು ಸಣ್ಣ ಖರ್ಚು, ಅದನ್ನು ಮೊದಲು ಮಾಡಿ. ಆಮೇಲೂ ಹಾಗೆಯೇ ಇದ್ದರೆ ಮೆಕ್ಯಾನಿಕ್ ಹತ್ತಿರ ಸಿಲಿಂಡರ್‌ನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಿ.

ಮುಚ್ಚಳದ ಒಳಗೆ ಮಜ್ಜಿಗೆ ಬಣ್ಣದ ನೊರೆ ಕಂಡರೆ ಅದು ನೀರು ಬೆರೆತ ಎಣ್ಣೆ. ಮಾರ್ಗಶಿರ, ಪುಷ್ಯ ಮಾಸಗಳ ಚಳಿಯಲ್ಲಿ ಮನೆಯಿಂದ ದೇವರಾಜ ಮಾರುಕಟ್ಟೆಗೆ, ಅಲ್ಲಿಂದ ಮನೆಗೆ ಎಂದು ಎಂಜಿನ್ ಕಾಯುವ ಮೊದಲೇ ಆರಿಸುವ ಕಾರುಗಳಲ್ಲಿ ಇದು ಸಹಜ. ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಮಾತ್ರ ಎಂಜಿನ್‌ನ ಮೇಲ್ಭಾಗ ಮತ್ತು ಸಿಲಿಂಡರ್ ಭಾಗದ ನಡುವಿನ ಮುಚ್ಚಿಕೆಯಾದ ಹೆಡ್ ಗ್ಯಾಸ್ಕೆಟ್ ಕಡೆ ಅನುಮಾನಪಡಬೇಕು.

ಇನ್ನೊಂದು ಸಂಗತಿಯನ್ನೂ ನೋಡಿಕೊಳ್ಳಿ. ಇತ್ತೀಚಿನ ಹಲವು ಎಂಜಿನ್‌ಗಳಲ್ಲಿ ಪಿಸಿವಿ ವ್ಯವಸ್ಥೆ ಟ್ಯಾಪೆಟ್ ಕವರ್‌ನ ಒಳಗೇ ಅಚ್ಚಾಗಿರುತ್ತದೆ. ಹೊರಗೆ ಬಿಚ್ಚಿ ಜೋಡಿಸಲು ಪೈಪೇ ಇರುವುದಿಲ್ಲ. ಟರ್ಬೊ ಪೆಟ್ರೋಲ್ ಎಂಜಿನ್‌ನಲ್ಲಿ ಎರಡು ದಾರಿಗಳಿರುತ್ತವೆ. ಐಡ್ಲಿಂಗ್‌ನಲ್ಲಿ ಅನಿಲ ಮ್ಯಾನಿಫೋಲ್ಡ್‌ಗೆ ಹೋದರೆ, ಟರ್ಬೊ ಒತ್ತಡ ಬಂದಾಗ ಟರ್ಬೊಗೆ ಗಾಳಿ ಒಯ್ಯುವ ಪೈಪ್‌ಗೆ ಹೋಗುತ್ತದೆ. ಒಂದೇ ದಾರಿಗೆ ಡಬ್ಬಿ ಇಟ್ಟರೆ ಅರ್ಧ ಕೆಲಸವಾದಂತೆ. ಇಂಥ ಕಾರುಗಳಿಗೆ ಆ ಮಾದರಿಗೆಂದೇ ತಯಾರಾದ ಕಿಟ್ ಲೇಸು. ಮನೆಯಲ್ಲಿ ಮಾಡುವ ಡಬ್ಬಿ ಹೊಂದುವುದು ಹೊರಗೆ ಕಾಣುವ ಪಿಸಿವಿ ವಾಲ್ವ್, ಹೊರಗೆ ಕಾಣುವ ಪೈಪ್ ಇರುವ, ವಾರಂಟಿ ಮುಗಿದ ಸರಳ ಪೆಟ್ರೋಲ್ ಎಂಜಿನ್‌ಗೆ.

ಡಬ್ಬಿಯ ತಯಾರಿ

ಡಬ್ಬಿ ಲೋಹದ್ದಾಗಿರಬೇಕು. ಇದು ಅಂದಕ್ಕಾಗಿ ಹೇಳುವ ಮಾತಲ್ಲ. ಪಿಸಿವಿ ವಾಲ್ವ್ ಮತ್ತು ಮ್ಯಾನಿಫೋಲ್ಡ್ ನಡುವೆ ಕೂರುವ ಡಬ್ಬಿಯೊಳಗೆ ಐಡ್ಲಿಂಗ್‌ನಲ್ಲಿ ಮ್ಯಾನಿಫೋಲ್ಡ್‌ನ ಪೂರ್ತಿ ಎಳೆತವಿರುತ್ತದೆ. ಹತ್ತು ಸೆಂಟಿಮೀಟರ್ ಅಗಲದ ಮುಚ್ಚಳವಿದ್ದರೆ ಹೊರಗಿನ ಗಾಳಿ ಅದನ್ನು 40 ಕಿಲೊಗೂ ಹೆಚ್ಚಿನ ಭಾರದಷ್ಟು ಒಳಕ್ಕೆ ಒತ್ತುತ್ತದೆ. ಉಪ್ಪಿನಕಾಯಿ ಡಬ್ಬಿ, ನೀರಿನ ಬಾಟಲಿಯಂಥ ಪ್ಲಾಸ್ಟಿಕ್ ಬಿಸಿಯಲ್ಲಿ ಮೆತ್ತಗಾಗಿ ಮುದುಡಿಕೊಳ್ಳುತ್ತದೆ. ನೀರಿನ ಪಿವಿಸಿ ಪೈಪ್ 60 ಡಿಗ್ರಿ ದಾಟಿದರೆ ಬಲ ಕಳೆದುಕೊಳ್ಳುತ್ತದೆ. ಏರ್ ಕಂಪ್ರೆಸರ್‌ಗೆ ಹಾಕುವ ನೀರು ಸೋಸುವ ಪಾರದರ್ಶಕ ಬಟ್ಟಲನ್ನು ಕೆಲವರು ಬಳಸುತ್ತಾರೆ. ಅದರ ಪಾಲಿಕಾರ್ಬೊನೇಟ್ ಬಟ್ಟಲು ಪೆಟ್ರೋಲ್ ಆವಿ ಮತ್ತು ಬಿಸಿಗೆ ಬಿರುಕು ಬಿಡಬಲ್ಲದು, ಮೂತಿಗಳೂ ಬಹಳ ಕಿರಿದು.

ಮೂರು ಅಂಗುಲ ಅಗಲ, ಆರು ಅಂಗುಲ ಎತ್ತರದ ಅಲ್ಯೂಮಿನಿಯಂ ಅಥವಾ ಸ್ಟೀಲ್ ಪೈಪ್ ತುಂಡು ಸಾಕು. ಅರ್ಧ ಲೀಟರ್‌ಗೂ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಮೈಸೂರಿನ ಹೆಬ್ಬಾಳ, ಮೇಟಗಳ್ಳಿ ಕೈಗಾರಿಕಾ ಪ್ರದೇಶಗಳಾಗಲಿ, ಮಂಡ್ಯ ಕಡೆಯ ತೂಬಿನಕೆರೆಯಾಗಲಿ, ಲೇತ್ ಮತ್ತು ಆರ್ಗಾನ್ ವೆಲ್ಡಿಂಗ್ ಗೊತ್ತಿರುವವರಿಗೆ ಇದು ದೊಡ್ಡ ಕೆಲಸವಲ್ಲ. ತಳಕ್ಕೆ ತಟ್ಟೆಯನ್ನು ವೆಲ್ಡ್ ಮಾಡಿಸಿ. ಮೇಲಿನ ಮುಚ್ಚಳ ಬಿಚ್ಚುವಂತಿರಲಿ, ಬೋಲ್ಟ್‌ಗಳಿಂದ ಬಿಗಿಯುವಂತಿರಲಿ, ನಡುವೆ ಎಣ್ಣೆ ತಾಳುವ ನೈಟ್ರೈಲ್ ರಬ್ಬರ್‌ನ ಓ-ರಿಂಗ್ ಇರಲಿ.

ಒಳಗಿನ ಜೋಡಣೆಯೇ ಡಬ್ಬಿಯ ಜೀವಾಳ. ಅನಿಲ ಬರುವ ಕೊಳವೆ ಮುಚ್ಚಳದಿಂದ ಇಳಿದು ಡಬ್ಬಿಯ ಅರ್ಧ ಆಳಕ್ಕೆ ಕೊನೆಗೊಳ್ಳಬೇಕು. ತಳದಿಂದ ಎರಡು ಅಂಗುಲ ಮೇಲೆ ತೂತುಗಳಿರುವ ತಟ್ಟೆಯೊಂದನ್ನು ಅಡ್ಡ ಕೂರಿಸಬೇಕು. ಕೊಳವೆಯಿಂದ ಬಂದ ಅನಿಲ ಆ ತಟ್ಟೆಗೆ ಬಡಿದು ಮೇಲಕ್ಕೆ ತಿರುಗುತ್ತದೆ. ಹನಿಗಳು ತೂತಿನಿಂದ ಕೆಳಗಿಳಿದು ಶಾಂತವಾಗಿ ನಿಲ್ಲುತ್ತವೆ. ತಿರುವಿನಲ್ಲಿ, ಬ್ರೇಕ್ ಹಾಕಿದಾಗ ಕೆಳಗಿನ ದ್ರವ ಎಗರಿ ಹೊರಮೂತಿಗೆ ಹೋಗದಂತೆ ತಡೆಯುವುದೂ ಇದೇ ತಟ್ಟೆ. ಕೊಳವೆಯ ಸುತ್ತಲಿನ ಜಾಗದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ನಾರನ್ನು ಸಡಿಲವಾಗಿ ತುಂಬಬೇಕು. ಪಾತ್ರೆ ತಿಕ್ಕಲು ಬಳಸುವ, ಅಗಲ ಎಳೆಯ ಸುರುಳಿ ನಾರು ಆಗುತ್ತದೆ. ಮರಗೆಲಸದವರು ಹೊಳಪು ಕೊಡಲು ಬಳಸುವ ಕೂದಲಿನಂಥ ಉಕ್ಕಿನ ಉಣ್ಣೆ ಸರ್ವಥಾ ಬೇಡ. ಅದು ತುಕ್ಕು ಹಿಡಿದು ತುಂಡಾಗಿ ಎಂಜಿನ್‌ನೊಳಗೆ ಹೋಗಬಲ್ಲದು. ನಾರಿನ ಮೇಲೆಯೂ ಇನ್ನೊಂದು ತೂತಿನ ತಟ್ಟೆ ಇಟ್ಟು, ಅದರ ಮೇಲಿನ ಖಾಲಿ ಜಾಗದಿಂದ ಹೊರಮೂತಿ ತೆಗೆಯಬೇಕು. ನಾರನ್ನು ಒತ್ತಿ ತುರುಕಿದರೆ ಅನಿಲದ ದಾರಿ ಕಟ್ಟುತ್ತದೆ.

ತಳದಲ್ಲಿ ಖಾಲಿ ಮಾಡಲು ತಾಮ್ರದ ವಾಷರ್ ಇರುವ ಬೋಲ್ಟ್ ಹಾಕಿಸುವುದು ನನ್ನ ಆಯ್ಕೆ. ಹಿಡಿಕೆಯ ಬಾಲ್ ವಾಲ್ವ್ ಅನುಕೂಲವೇನೋ ಹೌದು, ಆದರೆ ಅದುರಾಟಕ್ಕೆ ಹಿಡಿಕೆ ಸರಿದರೆ ಎಂಜಿನ್ ಅಲ್ಲಿಂದ ಗಾಳಿ ಎಳೆಯುತ್ತದೆ.

ವೆಲ್ಡಿಂಗ್ ಮುಗಿದ ಮೇಲಿನ ಶುಚಿ ಕೆಲಸವನ್ನು ಅವಸರದಲ್ಲಿ ಮುಗಿಸಬೇಡಿ. ಕೊರೆದ ಚೂರು, ವೆಲ್ಡಿಂಗ್ ಕಿಟ್ಟ, ಮರಳುಕಾಗದದ ಪುಡಿ, ಇವುಗಳಲ್ಲಿ ಯಾವುದು ಉಳಿದರೂ ಅದರ ಮುಂದಿನ ನಿಲ್ದಾಣ ಸಿಲಿಂಡರ್. ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು, ಸೋಪಿನ ಬಿಸಿನೀರಿನಲ್ಲಿ ಮತ್ತೆ ತೊಳೆದು, ಗಾಳಿ ಹೊಡೆದು ಪೂರ್ತಿ ಒಣಗಿಸಬೇಕು. ಆಮೇಲೆ ಒಂದು ಮೂತಿ ಮುಚ್ಚಿ, ಇನ್ನೊಂದರಿಂದ ಸೈಕಲ್ ಪಂಪ್‌ನಲ್ಲಿ ಮೆಲ್ಲಗೆ ಗಾಳಿ ತುಂಬಿ, ಬಕೆಟ್ ನೀರಿನಲ್ಲಿ ಮುಳುಗಿಸಿ. ಒಂದು ಗುಳ್ಳೆ ಎದ್ದರೂ ಆ ಜಾಗವನ್ನು ಮತ್ತೆ ಸರಿಪಡಿಸಬೇಕು.

ಪೈಪ್ ಮತ್ತು ಜೋಡಣೆ

ಪೈಪ್‌ನ ಒಳವ್ಯಾಸ ಕಾರಿನ ಮೂಲ ಪೈಪ್‌ಗಿಂತ ಎಲ್ಲಿಯೂ ಕಿರಿದಾಗಬಾರದು. ಡಬ್ಬಿಯ ಮೂತಿಗಳಿಗೂ ಇದೇ ಮಾತು. ಗಾಜಿನಂತೆ ಕಾಣುವ ಪ್ಲಾಸ್ಟಿಕ್ ಕೊಳವೆ ಬಿಸಿಯಲ್ಲಿ ಮೆತ್ತಗಾಗಿ ಎಳೆತಕ್ಕೆ ಚಪ್ಪಟೆಯಾಗುತ್ತದೆ. ರೇಡಿಯೇಟರ್‌ಗೆ ಬಳಸುವ ಇಪಿಡಿಎಂ ರಬ್ಬರ್ ಬಿಸಿನೀರಿಗೆ ಒಳ್ಳೆಯದು, ಎಣ್ಣೆ ತಾಗಿದರೆ ಊದಿಕೊಳ್ಳುತ್ತದೆ. ಎಣ್ಣೆ, ಪೆಟ್ರೋಲ್ ತಾಳುವ ರಬ್ಬರ್ ಪೈಪ್ ಕೇಳಿ. ಮೈಮೇಲೆ ‘ಎಸ್‌ಎಇ ಜೆ30 ಆರ್7’ ಎಂದು ಅಚ್ಚಾಗಿದ್ದರೆ ಅದು ಇಂಧನಕ್ಕೂ ಪಿಸಿವಿಗೂ ಹೊಂದುವ ದರ್ಜೆ.

ಮೂಲ ಪೈಪನ್ನು ಕತ್ತರಿಸಬೇಡಿ. ಬಿಚ್ಚಿ, ಒರೆಸಿ, ಜೋಪಾನವಾಗಿ ಎತ್ತಿಡಿ. ಹೊಸ ಜೋಡಣೆ ಸರಿಹೋಗದಿದ್ದರೆ ಅರ್ಧ ಗಂಟೆಯಲ್ಲಿ ಹಳೆಯ ಸ್ಥಿತಿಗೆ ಮರಳಬಹುದು. ಪಿಸಿವಿ ವಾಲ್ವ್ ತನ್ನ ಜಾಗದಲ್ಲೇ ಇರಬೇಕು. ಅದನ್ನು ತೆಗೆದರೆ ಐಡ್ಲಿಂಗ್‌ನಲ್ಲಿ ಬೇಕಿಲ್ಲದಷ್ಟು ಗಾಳಿ ಮ್ಯಾನಿಫೋಲ್ಡ್‌ಗೆ ನುಗ್ಗುತ್ತದೆ. ವಾಲ್ವ್‌ನಿಂದ ಹೊರಟ ಪೈಪ್ ಡಬ್ಬಿಯ ಒಳಮೂತಿಗೆ, ಹೊರಮೂತಿಯ ಪೈಪ್ ಮ್ಯಾನಿಫೋಲ್ಡ್‌ಗೆ. ಈ ಎರಡನ್ನು ಅದಲುಬದಲು ಮಾಡಿದರೆ ಒಳಗಿನ ಜೋಡಣೆಯೆಲ್ಲ ವ್ಯರ್ಥ.

ಡಬ್ಬಿಯನ್ನು ಎಂಜಿನ್‌ನ ಬಿಸಿ ಹೊಗೆ ಹೊರಡುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಿಂದ ದೂರ, ಗಾಳಿ ಬೀಸುವ ಜಾಗದಲ್ಲಿ, ಕಾರಿನ ಬಾಡಿಗೆ ಬ್ರಾಕೆಟ್ ಹಾಕಿ ಬಿಗಿಯಿರಿ. ತಂಪಾಗಿದ್ದಷ್ಟೂ ಹೆಚ್ಚು ಹಿಡಿಯುತ್ತದೆ. ಒಂದು ವೇಳೆ ಸೋರಿದರೂ ಎಣ್ಣೆ ಕೆಂಪಗೆ ಕಾದ ಎಕ್ಸಾಸ್ಟ್ ಮೇಲೆ ಬೀಳಬಾರದು, ಬಿದ್ದರೆ ಬೆಂಕಿಯ ಅಪಾಯ. ಎಂಜಿನ್ ತನ್ನ ರಬ್ಬರ್ ಮೌಂಟ್ ಮೇಲೆ ಅಲುಗಾಡುತ್ತದೆ, ಬಾಡಿ ಅಲುಗಾಡುವುದಿಲ್ಲ. ಹಾಗಾಗಿ ಪೈಪ್‌ಗಳಿಗೆ ಸ್ವಲ್ಪ ಸಡಿಲ ಉದ್ದ ಕೊಡಿ. ಪೈಪ್ ಡಬ್ಬಿಯ ಕಡೆಗೆ ಇಳಿಜಾರಾಗಿರಲಿ, ನಡುವೆ ತಗ್ಗು ಬಿದ್ದರೆ ಅಲ್ಲಿ ನೀರು, ಎಣ್ಣೆ ನಿಂತು ದಾರಿ ಕಟ್ಟುತ್ತದೆ. ಪ್ರತಿ ತುದಿಗೂ ಹೋಸ್ ಕ್ಲಿಪ್ ಬೇಕು.

ಜೋಡಿಸಿದ ಮೇಲೆ ಎಂಜಿನ್ ಶುರು ಮಾಡಿ ಕಿವಿಗೊಡಿ. ಸುಯ್ಯೆಂಬ ಸದ್ದಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಕಾಗದದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ಫಲಿತಾಂಶ ಮೊದಲಿನಂತೆಯೇ ಇರಬೇಕು. ಎಂಜಿನ್‌ಗೆ ಎಷ್ಟು ಪೆಟ್ರೋಲ್ ಬೇಕೆಂದು ಲೆಕ್ಕ ಹಾಕುವ ಕಂಪ್ಯೂಟರ್‌ಗೆ ಕದ್ದು ನುಗ್ಗುವ ಗಾಳಿಯ ಲೆಕ್ಕ ಸಿಗುವುದಿಲ್ಲ. ಆಗ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ಚೆಕ್ ಎಂಜಿನ್ ದೀಪ ಹತ್ತಬಹುದು. ಸ್ಕ್ಯಾನರ್‌ನಲ್ಲಿ ‘ಪಿ0171’ ಎಂಬ ಕೋಡ್ ಬಂದರೆ ಮೊದಲು ನಿಮ್ಮ ಹೊಸ ಜೋಡಣೆಯನ್ನೇ ಪರಿಶೀಲಿಸಿ.

ಹೊರಗಾಳಿಗೆ ಬಿಡುವ ಡಬ್ಬಿ ಬೇಡ

ರೇಸ್ ಕಾರುಗಳಲ್ಲಿ ಡಬ್ಬಿಯ ನೆತ್ತಿಗೆ ಚಿಕ್ಕ ಫಿಲ್ಟರ್ ಹಾಕಿ ಅನಿಲವನ್ನು ಹೊರಕ್ಕೆ ಬಿಡುವ ಪದ್ಧತಿಯಿದೆ. ಮಾಡಲು ಅದು ಸುಲಭ. ರಸ್ತೆಯ ಕಾರಿಗೆ ಅದು ಸಲ್ಲದು. ಬಿಎಸ್-4, ಬಿಎಸ್-6 ಮಾನದಂಡಗಳ ಪ್ರಕಾರ ಪೆಟ್ರೋಲ್ ಕಾರಿನ ಕ್ರ್ಯಾಂಕ್‌ಕೇಸ್ ಅನಿಲ ಹೊರಗಾಳಿಗೆ ಸೇರುವಂತಿಲ್ಲ. ಪೆಟ್ರೋಲ್ ಆವಿ ಬಾನೆಟ್ ಕೆಳಗೆ ಸೇರುವುದೂ, ಎ.ಸಿ. ಮೂಲಕ ಕಾರಿನೊಳಗೆ ಕೂತವರ ಮೂಗಿಗೆ ಬರುವುದೂ ಒಳ್ಳೆಯದಲ್ಲ. ಎರಡು ಮೂತಿಯ, ಮುಚ್ಚಿದ ವ್ಯವಸ್ಥೆಯೇ ಸರಿ.

ವಾರಂಟಿ ಇರುವ ಕಾರಿಗೆ ಮುಟ್ಟುವ ಮೊದಲು ವಾರಂಟಿ ಪುಸ್ತಕ ಓದಿ. ಎಂಜಿನ್ ವ್ಯವಸ್ಥೆಯಲ್ಲಿ ಹೊರಗಿನ ಮಾರ್ಪಾಡು ಕಂಡರೆ ಎಂಜಿನ್ ದುರಸ್ತಿಯ ಹೊಣೆಯನ್ನು ತಯಾರಕರು ಒಪ್ಪದಿರಬಹುದು.

ಡಬ್ಬಿಯಲ್ಲಿ ಸಿಕ್ಕಿದ್ದನ್ನು ಏನು ಮಾಡಬೇಕು?

ಮೊದಲ ಸಲ ಕೆಲವು ನೂರು ಕಿಲೊಮೀಟರ್ ಓಡಿದ ಕೂಡಲೇ ಬಿಚ್ಚಿ ನೋಡಿ. ಎಷ್ಟು ತುಂಬಿದೆ ಎಂಬುದರಿಂದ ಮುಂದಿನ ಅವಧಿಯನ್ನು ನೀವೇ ಗೊತ್ತುಮಾಡಿಕೊಳ್ಳಬಹುದು. ಕೆಳಗಿನ ತಟ್ಟೆಯ ಮಟ್ಟ ತಲುಪುವ ಮುಂಚೆಯೇ ಖಾಲಿಯಾಗಬೇಕು. ತುಂಬಿ ತುಳುಕಿದ ಡಬ್ಬಿ ಇಲ್ಲದ ಡಬ್ಬಿಗಿಂತ ಕೆಟ್ಟದ್ದು. ಸಂಗ್ರಹವಾದ ದ್ರವವೆಲ್ಲ ಒಟ್ಟಿಗೇ ಮ್ಯಾನಿಫೋಲ್ಡ್‌ಗೆ ಹೋದರೆ ಎಂಜಿನ್‌ಗೆ ಗಂಭೀರ ಪೆಟ್ಟು ಬೀಳಬಹುದು. ಎಂಜಿನ್ ತಣ್ಣಗಿರುವಾಗ, ಹತ್ತಿರ ಬೀಡಿ ಸಿಗರೇಟು, ಬೆಂಕಿ ಇಲ್ಲದಿರುವಾಗ ಬಿಚ್ಚಬೇಕು. ಒಳಗಿರುವುದರಲ್ಲಿ ಪೆಟ್ರೋಲೂ ಸೇರಿರುತ್ತದೆ.

ಹೊರಬರುವುದು ಶುದ್ಧ ಎಣ್ಣೆಯಾಗಿರುವುದು ಅಪರೂಪ. ಪೇಟೆಯೊಳಗೆ ಸಣ್ಣ ಸಣ್ಣ ಓಡಾಟವೇ ಹೆಚ್ಚಿದ್ದರೆ ನೀರು ಬೆರೆತ ಕಂದು ಹಾಲಿನಂಥ ದ್ರವ ಬರುತ್ತದೆ. ಹೆದ್ದಾರಿಯ ಉದ್ದ ಓಟದ ಕಾರಿನಲ್ಲಿ ಎಣ್ಣೆಯ ಪಾಲು ಹೆಚ್ಚು, ಬಣ್ಣ ಗಾಢ. ಪೆಟ್ರೋಲ್ ವಾಸನೆ ತೀರಾ ಜೋರಾಗಿದ್ದರೆ ಎಂಜಿನ್ ಪೆಟ್ರೋಲನ್ನು ಪೂರ್ತಿ ಸುಡುತ್ತಿಲ್ಲ ಎಂದು ಅನುಮಾನಿಸಿ ಪ್ಲಗ್, ಇಂಜೆಕ್ಟರ್‌ಗಳನ್ನು ತೋರಿಸಬೇಕು. ಪ್ರತಿ ಸಲ ಓಡಿದ ಕಿಲೊಮೀಟರ್ ಮತ್ತು ಸಿಕ್ಕ ಪ್ರಮಾಣವನ್ನು ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ. ಅದೇ ದಾರಿ, ಅದೇ ಓಟವಿದ್ದೂ ಪ್ರಮಾಣ ಏರುತ್ತಾ ಹೋದರೆ ರಿಂಗ್ ಸವೆಯುತ್ತಿರುವ ಸುದ್ದಿಯನ್ನು ಡಬ್ಬಿ ಮುಂಚಿತವಾಗಿಯೇ ಕೊಡುತ್ತದೆ. ನನ್ನ ಮಟ್ಟಿಗೆ ಇದು ಕ್ಯಾಚ್ ಕ್ಯಾನ್‌ನ ದೊಡ್ಡ ಉಪಕಾರ. ಎಣ್ಣೆ ಹಿಡಿಯುವುದಕ್ಕಿಂತಲೂ ದೊಡ್ಡದು.

ಈ ದ್ರವವನ್ನು ಮರಳಿ ಎಂಜಿನ್‌ಗೆ ಸುರಿಯಬಾರದು. ಆಮ್ಲ, ನೀರು, ಮಸಿ ಬೆರೆತ ಅದರಿಂದ ಬೇರಿಂಗ್‌ಗಳಿಗೆ ಹಾನಿ. ಚರಂಡಿಗೋ ಗದ್ದೆಯ ಬದುವಿಗೋ ಚೆಲ್ಲಲೂಬಾರದು. ನಮ್ಮಲ್ಲಿ ಚರಂಡಿ ಸೇರಿದ್ದು ಕೆರೆಗೋ ನಾಲೆಗೋ ತಲುಪುತ್ತದೆ, ವಿಶ್ವೇಶ್ವರಯ್ಯ ನಾಲೆಯ ನೀರು ಮಂಡ್ಯದ ಗದ್ದೆಗಳಿಗೇ ಹರಿಯುತ್ತದೆ. ಬಳಸಿದ ಎಂಜಿನ್ ಎಣ್ಣೆ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ಮುಚ್ಚಳ ಬಿಗಿಯಾಗಿರುವ ಹಳೆಯ ಎಣ್ಣೆ ಕ್ಯಾನ್‌ನಲ್ಲಿ ತುಂಬಿಡುತ್ತಾ ಹೋಗಿ, ಮುಂದಿನ ಸಲ ಆಯಿಲ್ ಬದಲಿಸಲು ಹೋದಾಗ ವರ್ಕ್‌ಶಾಪ್‌ನ ಹಳೆ ಎಣ್ಣೆಯ ಪೀಪಾಯಿಗೆ ಸುರಿಯಲು ಕೇಳಿಕೊಳ್ಳಿ. ಸ್ಟೀಲ್ ನಾರನ್ನೂ ಆಗಲೇ ಹೊರತೆಗೆದು, ಡೀಸೆಲ್‌ನಲ್ಲಿ ತೊಳೆದು, ಓ-ರಿಂಗ್ ಗಟ್ಟಿಯಾಗಿದ್ದರೆ ಹೊಸದು ಹಾಕಿ ಮುಚ್ಚಿ.